ಹೊಸ ಕೋಚ್ ಯಾರಾಗಬೇಕು?

ಕೇಳುಗರೇ, ನಮಸ್ಕಾರ.

ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವವರು, ಮನೆಯಲ್ಲಿ ಟಿ.ವಿ. ಮುಂದೆ ಕೂತು ಬೈಯುವವರು, ಇಬ್ಬರೂ ಇವತ್ತು ಸ್ವಲ್ಪ ಕಿವಿಗೊಡಬೇಕು. ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಸಾಲಾಗಿ ಮೂರು ಪಂದ್ಯ ಸೋತರೆ ಸಾಕು, ಹೊಸ ಕೋಚ್ ಯಾರು ಅನ್ನುವ ವಾದ ಶುರು. ಸ್ಪೇನಿನವರೇ ಆಗಬೇಕು ಅನ್ನುತ್ತಾರೆ ಒಬ್ಬರು. ಸ್ಪೇನಿನವರು ಸಾಕಪ್ಪಾ, ಇಂಗ್ಲೆಂಡಿನವರನ್ನು ಕರೆಸಿ ಅನ್ನುತ್ತಾರೆ ಇನ್ನೊಬ್ಬರು. ಮತ್ತೊಬ್ಬರು ಯುರೋಪಿನ ಯಾವುದೋ ದೊಡ್ಡ ಕ್ಲಬ್ಬಿಗೆ ಆಡಿದವರ ಹೆಸರು ತೇಲಿಬಿಡುತ್ತಾರೆ. ಇಷ್ಟೆಲ್ಲ ಆದರೂ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಆ ಕೋಚ್ ಆಡಿಸುವ ಆಟವನ್ನು ಆಡಬಲ್ಲವರು ನಮ್ಮ ತಂಡದಲ್ಲಿ ಇದ್ದಾರೆಯೇ? ನಾನು ಇವತ್ತು ಹೇಳುವುದು ಇದೊಂದೇ. ಬೇಜಾರಾದರೂ ಮತ್ತೆ ಮತ್ತೆ ಹೇಳುತ್ತೇನೆ.

ನಮ್ಮ ಕ್ಲಬ್ಬಿನ ಲೆಕ್ಕವನ್ನೇ ತೆಗೆಯಿರಿ. 2016ರಲ್ಲಿ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದರು, ಅದೇ ವರ್ಷ ತಂಡ ಏಷ್ಯಾದ ಕ್ಲಬ್ಬುಗಳ ಪಂದ್ಯಾವಳಿಯಾದ ಎಎಫ್‌ಸಿ ಕಪ್‌ನ ಫೈನಲ್ ಆಡಿತು. 2018ರಲ್ಲಿ ಅವರು ಹೊರಟಾಗ ಕ್ಲಬ್ ಹೊರಗೆ ಹುಡುಕಲಿಲ್ಲ. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಹೊಣೆ ವಹಿಸಿತು. ದೊಡ್ಡ ಹೆಸರೇನಲ್ಲ. ಆದರೆ ನಮ್ಮ ಮಿಡ್‌ಫೀಲ್ಡರ್ ಡಿಮಾಸ್ ಡೆಲ್ಗಾಡೊ ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಎಲ್ಲಿಗೆ ಹಾಕುತ್ತಾರೆ, ಯಾರು ಯಾವ ಹೊತ್ತಿಗೆ ಮುಂದೆ ನುಗ್ಗುತ್ತಾರೆ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್. ಹೆಚ್ಚುವರಿ ಅವಧಿ ಮುಗಿಯುತ್ತಾ ಬಂದಿದೆ, ಡಿಮಾಸ್ ಕಾರ್ನರ್ ತೆಗೆದರು, ರಾಹುಲ್ ಭೆಕೆ ತಲೆಯಿಂದ ಗೋಲು ಹೊಡೆದರು, ಕಪ್ ಬಂತು.

ಕೋಚ್‌ಗೂ ಆಟಗಾರರಿಗೂ ಹೊಂದಿಕೆ ಇಲ್ಲದಿದ್ದರೆ ಏನಾಗುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 26 ವರ್ಷ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗ್ಯುಸನ್ 2013ರಲ್ಲಿ ನಿವೃತ್ತರಾದರು. ತಂಡ 11 ಪಾಯಿಂಟ್‌ಗಳ ಅಂತರದಲ್ಲಿ ಲೀಗ್ ಗೆದ್ದಿತ್ತು. ಆ ಜಾಗಕ್ಕೆ ಎವರ್ಟನ್ ಕ್ಲಬ್ಬಿನಿಂದ ಡೇವಿಡ್ ಮೋಯೆಸ್ ಬಂದರು, ಆರು ವರ್ಷದ ಒಪ್ಪಂದ. ಒಳ್ಳೆಯ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಬಂದವರೇ ಹಳೆಯ ಸಹಾಯಕರ ಜಾಗಕ್ಕೆ ತಮ್ಮವರನ್ನು ತಂದರು. ಮೈಕ್ ಫೀಲನ್ ಹೋದರು, ಗೋಲ್‌ಕೀಪರ್‌ಗಳ ಕೋಚ್ ಎರಿಕ್ ಸ್ಟೀಲ್ ಹೋದರು, ದಿನವೂ ಮೈದಾನದಲ್ಲಿ ತರಬೇತಿ ನಡೆಸುತ್ತಿದ್ದ ರೆನೆ ಮ್ಯೂಲೆನ್‌ಸ್ಟೀನ್ ಕೂಡ ಹೋದರು. ಈ ಮೂರನೆಯ ಹೆಸರು ನೆನಪಿರಲಿ.

ಇನ್ನು 2014ರ ಫೆಬ್ರವರಿ 9ಕ್ಕೆ ಬನ್ನಿ. ಯುನೈಟೆಡ್‌ನ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಪಂದ್ಯ, ಎದುರಾಳಿ ಪಟ್ಟಿಯ ಕಟ್ಟಕಡೆಯಲ್ಲಿದ್ದ ಫುಲ್ಹಮ್. ಆ ತಂಡದ ಕೋಚ್ ಯಾರು ಗೊತ್ತೇ? ಅದೇ ಮ್ಯೂಲೆನ್‌ಸ್ಟೀನ್! ಯುನೈಟೆಡ್ ಆಗಷ್ಟೇ 3 ಕೋಟಿ 71 ಲಕ್ಷ ಪೌಂಡ್ ಕೊಟ್ಟು ಹುವಾನ್ ಮಾಟಾ ಅವರನ್ನು ಕೊಂಡಿತ್ತು. ಮಾಟಾ ನಡುವಿನಲ್ಲಿ ನಿಂತು ಸಣ್ಣ ಸಣ್ಣ ಪಾಸ್‌ಗಳಿಂದ ದಾರಿ ಬಿಡಿಸುವ ಆಟಗಾರ. ಅವರನ್ನು ಬಲಬದಿಗೆ ತಳ್ಳಿದರು. ಎರಡೂ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಎತ್ತಿ ಹಾಕುವ ಕ್ರಾಸ್, ಮತ್ತೆ ಕ್ರಾಸ್, ಮತ್ತೂ ಕ್ರಾಸ್. ಒಟ್ಟು 81 ಕ್ರಾಸ್! ತೊಂಬತ್ತು ನಿಮಿಷದ ಆಟದಲ್ಲಿ! ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ಅವುಗಳಿಗಾಗಿ ಕಾದಿದ್ದವರು ರೂನಿ ಮತ್ತು ವಾನ್ ಪರ್ಸಿ, ಚೆಂಡು ಕಾಲಿಗೆ ಬಂದರೆ ಮಾಯಾಜಾಲ ಮಾಡುವವರು. ಫುಲ್ಹಮ್ ಕಡೆ ಡ್ಯಾನ್ ಬರ್ನ್ ಎಂಬ ಹುಡುಗ, ಎತ್ತರ ಆರಡಿ ಏಳಿಂಚು. ಬಂದದ್ದನ್ನೆಲ್ಲ ತಲೆಯಿಂದ ಆಚೆ ಕಳಿಸುತ್ತಾ ನಿಂತ. ಒಂದು ಗೋಲು ಹಿಂದಿದ್ದ ಯುನೈಟೆಡ್ ಕೊನೆಗೂ ಎರಡು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದು ಮುಂದೆ ಬಂತು. ಅಷ್ಟರಲ್ಲಿ ತೊಂಬತ್ತು ನಿಮಿಷ ಮುಗಿದ ಮೇಲೆ ಸೇರಿಸುವ ಸಮಯದಲ್ಲಿ ಫುಲ್ಹಮ್‌ನ ಡ್ಯಾರೆನ್ ಬೆಂಟ್ ತಲೆ ತಾಗಿಸಿ ಸಮ ಮಾಡಿಬಿಟ್ಟರು. ಎರಡು–ಎರಡು. ಏಪ್ರಿಲ್‌ನಲ್ಲಿ ಮೋಯೆಸ್ ಮನೆಗೆ. ಚಾಂಪಿಯನ್ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ಕೋಚ್ ದಡ್ಡರೇ? ಅಲ್ಲ. ಆಟಗಾರರು ದಡ್ಡರೇ? ಅದೂ ಅಲ್ಲ. ಒಬ್ಬರಿಗೊಬ್ಬರು ಹೊಂದಲಿಲ್ಲ, ಅಷ್ಟೇ.

ಈ ಕತೆ ಹೇಳಲು ಹೊರಟರೆ ಸಮಯ ಹೋದದ್ದೇ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಯಾರದೇ ಹೆಸರು ಕೇಳಿಬರಲಿ, ಅವರ ಹಿಂದಿನ ತಂಡದ ಎರಡು ಪಂದ್ಯ ಪೂರ್ತಿ ನೋಡಿ. ಗೋಲುಗಳ ತುಣುಕು ನೋಡಬೇಡಿ, ಅದರಲ್ಲಿ ಎಲ್ಲರೂ ಬುದ್ಧಿವಂತರೇ. ಮೊದಲು ಗೋಲ್ ಕಿಕ್ ಗಮನಿಸಿ. ಗೋಲ್‌ಕೀಪರ್ ಪಕ್ಕದ ಡಿಫೆಂಡರ್‌ಗೆ ಪಾಸ್ ಕೊಡುತ್ತಾನೋ, ಉದ್ದಕ್ಕೆ ಒದೆಯುತ್ತಾನೋ? ಪಾಸ್ ಕೊಟ್ಟು ಆಡಿಸುವ ಕೋಚ್ ಬೇಕಾದರೆ, ಎದುರಾಳಿ ಮೈಮೇಲೆ ಬಂದಾಗಲೂ ಹೆದರದೆ ಚೆಂಡು ಹಿಡಿಯುವ ಡಿಫೆಂಡರ್‌ಗಳು ಇಬ್ಬರಾದರೂ ಬೇಕು. ಇಲ್ಲದಿದ್ದರೆ ನಮ್ಮ ಪೆಟ್ಟಿಗೆಯ ಮುಂದೆಯೇ ಚೆಂಡು ಕಳೆದುಹೋಗುತ್ತದೆ. ಆಮೇಲೆ, ಚೆಂಡು ಕಳೆದುಕೊಂಡ ಮೊದಲ ಐದು ಸೆಕೆಂಡ್ ನೋಡಿ. ಎಲ್ಲರೂ ಮುಗಿಬೀಳುತ್ತಾರೋ, ಹಿಂದೆ ಸರಿದು ಸಾಲು ಕಟ್ಟುತ್ತಾರೋ? ಮುಗಿಬೀಳುವ ಆಟ ಬೆಂಗಳೂರಿನ ತಂಪಿನಲ್ಲಿ ನಡೆದೀತು. ಕೊಚ್ಚಿಯ ಸೆಕೆಯಲ್ಲಿ ಎಪ್ಪತ್ತು ನಿಮಿಷವಾಗುವಷ್ಟರಲ್ಲಿ ಕಾಲು ಸೋಲುತ್ತವೆ, ಹೊರಗೆ ಕೂತವರಲ್ಲಿ ತಾಜಾ ಮಿಡ್‌ಫೀಲ್ಡರ್‌ಗಳು ಇಲ್ಲದಿದ್ದರೆ ಕೊನೆಯ ಇಪ್ಪತ್ತು ನಿಮಿಷ ದೇವರೇ ಗತಿ.

ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸುವ ಕೋಚ್ ಆದರೆ ಎರಡೂ ಬದಿಯಲ್ಲಿ ಇಡೀ ಗೆರೆ ಉದ್ದಕ್ಕೂ ತೊಂಬತ್ತು ನಿಮಿಷ ಓಡುವವರು ಬೇಕು. ನಡುವಿನ ಡಿಫೆಂಡರ್‌ಗಳು ಐವರಾದರೂ ಇರಬೇಕು, ಒಬ್ಬರಿಗೆ ಗಾಯ, ಒಬ್ಬರಿಗೆ ಕಾರ್ಡು ಅಂದರೂ ಮೂವರು ಉಳಿಯುವಂತೆ. ನಮ್ಮ ಕೋಚ್ ಆಗಿದ್ದ ಸೈಮನ್ ಗ್ರೇಸನ್ ಅದೇ ಆಟ ಆಡಿಸಿದರು. 2022–23ರಲ್ಲಿ ತಂಡ ಮೊದಲು ತಡವರಿಸಿ, ಹೊಂದಿಕೊಂಡ ಮೇಲೆ ಲೀಗಿನ ಕೊನೆಯ ಎಂಟು ಪಂದ್ಯ ಸತತ ಗೆದ್ದು ಫೈನಲ್‌ವರೆಗೆ ಹೋಯಿತು.

ವಿದೇಶಿಯರ ಲೆಕ್ಕವನ್ನಂತೂ ಮರೆಯಲೇಬೇಡಿ. 2021–22ರಲ್ಲಿ ಐಎಸ್‌ಎಲ್‌ನಲ್ಲಿ ಒಂದು ತಂಡದಿಂದ ಮೈದಾನದಲ್ಲಿರಬಹುದಾದ ವಿದೇಶಿ ಆಟಗಾರರನ್ನು ಐದರಿಂದ ನಾಲ್ಕಕ್ಕೆ ಇಳಿಸಿದರು. ಹನ್ನೊಂದರಲ್ಲಿ ಏಳು ಮಂದಿ ನಮ್ಮವರು. ಹೊಸ ಕೋಚ್ ನಾಲ್ವರನ್ನು ಬದಲಿಸಿಯಾರು, ಆ ಏಳು ಮಂದಿಯನ್ನು ಒಂದೇ ಬೇಸಿಗೆಯಲ್ಲಿ ಬದಲಿಸಲಾಗದು. ಹಾಗಾಗಿ ಆ ಏಳು ಮಂದಿಗೆ ಹೊಂದುವ ಆಟ ಯಾರದು ಎಂದೇ ಕೇಳಿ. ಅವರನ್ನು ಬಲ್ಲ ಭಾರತೀಯ ಸಹಾಯಕ ಕೋಚ್ ಒಬ್ಬರನ್ನಾದರೂ ಉಳಿಸಿಕೊಳ್ಳುತ್ತಾರೆಯೇ ಎಂದೂ ಕೇಳಿ. ಋತುವಿನ ನಡುವೆ ಬರುವ ಕೋಚ್ ಆದರಂತೂ ಈ ಪ್ರಶ್ನೆ ಮೊದಲು. ಅವರಿಗೆ ಅಭ್ಯಾಸಕ್ಕೆ ವಾರಗಳೇ ಸಿಗುವುದಿಲ್ಲ, ಎರಡು ಪಂದ್ಯಗಳ ನಡುವಿನ ನಾಲ್ಕೈದು ದಿನ ಮಾತ್ರ.

ನನಗೆ ಕೊಟ್ಟ ಸಮಯ ಮುಗಿಯಿತು. ನಮಸ್ಕಾರ.