ಮುದ್ರೆ ಅಸಲಿ, ಪಾತ್ರೆ?

[ತೆರೆಯ ಮೇಲೆ: ಬೆಳ್ಳಿಯ ಟೀ ಪಾಟ್‌ನ ತಳ, ಸಾಲಾಗಿ ಪುಟ್ಟ ಮುದ್ರೆಗಳು]

ನಮಸ್ಕಾರ. ಹಳೆಯ ಇಂಗ್ಲಿಷ್ ಬೆಳ್ಳಿ ಪಾತ್ರೆ ಕೈಗೆ ಸಿಕ್ಕರೆ ಅದರ ಹೊಳಪಿಗೆ ಮರುಳಾಗುವ ಮೊದಲು ಬೋರಲು ಹಾಕಿ ನೋಡಿ. ನಡೆಯುತ್ತಿರುವ ಸಿಂಹ ಕಂಡರೆ ಸಾವಿರದಲ್ಲಿ 925 ಪಾಲು ಬೆಳ್ಳಿ ಎಂದರ್ಥ. ಇನ್ನೊಂದು ಮುದ್ರೆ ಬೆಳ್ಳಿಯ ಶುದ್ಧತೆ ಪರೀಕ್ಷಿಸಿದ ಊರಿನದು: ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. ಒಂಟಿ ಅಕ್ಷರ ವರ್ಷ ಹೇಳುತ್ತದೆ. ಉಳಿಯುವುದು ತಯಾರಕರ ಮುದ್ರೆ. ತಕರಾರೆಲ್ಲ ಅಲ್ಲೇ.

[ತೆರೆಯ ಮೇಲೆ: ಓರೆ ಬರಹದ ‘ಎಚ್‌ಬಿ’]

ಇದು ಹೆಸ್ಟರ್ ಬೇಟ್‌ಮನ್ ಅವರ ಮುದ್ರೆ. 1760ರಲ್ಲಿ ಗಂಡ ತೀರಿಕೊಂಡರು. ಮರುವರ್ಷವೇ, ಐವತ್ತು ದಾಟಿದ ಈ ಹೆಂಗಸು ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನವಾದ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ತಮ್ಮ ಮುದ್ರೆ ನೋಂದಾಯಿಸಿದರು. 1790ರಲ್ಲಿ ನಿವೃತ್ತರಾಗುವವರೆಗೆ ಬನ್‌ಹಿಲ್ ರೋದ ಅವರ ಕಾರ್ಖಾನೆಯಿಂದ ಚಮಚ, ಟೀ ಪಾಟ್‌ಗಳು ಹೊರಬರುತ್ತಲೇ ಇದ್ದವು. ‘ಸ್ವತಃ ಅವರೇ ಬಡಿದು ಮಾಡಿದ್ದು’ ಎಂದು ಮಾರುವವರು ಹೇಳಿದರೆ ನಕ್ಕು ಮುಂದೆ ನಡೆಯಿರಿ. ಅಲ್ಲಿ ಅವರ ಮಕ್ಕಳಿದ್ದರು, ಕೆಲಸಗಾರರಿದ್ದರು. ಪ್ರತಿ ಅಕ್ಕಸಾಲಿಗನಿಗೂ ಸ್ವಂತ ಗುರುತಿರಬೇಕೆಂದು 1363ರ ಕಾನೂನು ವಿಧಿಸಿದ್ದು ಕಲೆಯ ಮೇಲಿನ ಪ್ರೀತಿಗಲ್ಲ; ಬೆಳ್ಳಿಯಲ್ಲಿ ಕಲಬೆರಕೆ ಸಿಕ್ಕರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ತಿಳಿಯಲಿ ಎಂದು.

[ತೆರೆಯ ಮೇಲೆ: ದೊಡ್ಡ ಕಾಫಿ ಪಾಟ್, ತಳದಲ್ಲಿ ವೃತ್ತಾಕಾರದ ಬೆಸುಗೆ ಗೆರೆ]

ಈಗ ನನಗೆ ಬಹಳ ಇಷ್ಟವಾದ ಕಳ್ಳತನ. 1720ರಲ್ಲಿ ಸರ್ಕಾರ ಬೆಳ್ಳಿ ಸಾಮಾನಿನ ಮೇಲೆ ಔನ್ಸಿಗೆ ಆರು ಪೆನ್ಸ್ ಸುಂಕ ಹಾಕಿತು. ತೂಕ ಹೆಚ್ಚಿದಷ್ಟೂ ಸುಂಕ ಹೆಚ್ಚು. ಕೆಲವರು ಉಪಾಯ ಹೂಡಿದರು: ಹಗುರವಾದ ಚಿಕ್ಕ ಸಾಮಾನೊಂದನ್ನು ಪರೀಕ್ಷೆಗೆ ಕಳಿಸಿ, ಅಲ್ಪ ಸುಂಕ ಕಟ್ಟಿ, ಮುದ್ರೆ ಬಿದ್ದ ಭಾಗವನ್ನಷ್ಟೇ ಕತ್ತರಿಸಿ, ಭಾರೀ ಪಾತ್ರೆಯ ತಳಕ್ಕೆ ಬೆಸೆದುಬಿಟ್ಟರು. ಆ ಕಾಲದ ಲಂಡನ್ನಿನ ಅತಿ ಹೆಸರುವಾಸಿ ಅಕ್ಕಸಾಲಿಗ ಪೌಲ್ ಡಿ ಲಾಮೆರಿಯ ಮುದ್ರೆಯಿರುವ ಪಾತ್ರೆಗಳಲ್ಲೂ ಈ ಚಾಲಾಕಿ ಸಿಕ್ಕಿದೆ. ಗಮನಿಸಿ, ಮುದ್ರೆಯಲ್ಲಿ ಒಂದು ಗೆರೆಯೂ ನಕಲಿಯಲ್ಲ. ಪತ್ತೆ ಹಚ್ಚಲು ತಳದ ಮೇಲೆ ಬಾಯಿಯಿಂದ ಬಿಸಿಯುಸಿರು ಊದಿ. ಬೆಳ್ಳಿ ಮಂಜಾದಾಗ, ಬರಿಗಣ್ಣಿಗೆ ಕಾಣದ ಬೆಸುಗೆಯ ಅಂಚು ಎಷ್ಟೋ ಸಲ ಎದ್ದು ಕಾಣುತ್ತದೆ.

[ತೆರೆಯ ಮೇಲೆ: ಐರ್ಲೆಂಡಿನ ನಕ್ಷೆ, ಡಬ್ಲಿನ್ ಮತ್ತು ಕಾರ್ಕ್]

ಐರ್ಲೆಂಡಿನಲ್ಲಿ ಇದು ತಿರುಗುಮುರುಗು. ಅಲ್ಲಿ ಅಧಿಕೃತ ಪರೀಕ್ಷೆ ನಡೆಯುತ್ತಿದ್ದುದು ಡಬ್ಲಿನ್‌ನಲ್ಲಿ. ಕಿರೀಟ ತೊಟ್ಟ ಹಾರ್ಪ್ ವಾದ್ಯ ಅಲ್ಲಿನ ಗುರುತು. ಆದರೆ ದಕ್ಷಿಣದ ಕಾರ್ಕ್‌ನಿಂದ ಡಬ್ಲಿನ್‌ಗೆ ಬೆಳ್ಳಿ ಹೊತ್ತು ಹೋಗುವುದೆಂದರೆ ದೂರದ, ದರೋಡೆಯ ಭಯದ ದಾರಿ. ಹದಿನೆಂಟನೇ ಶತಮಾನದ ಕಾರ್ಕ್ ಅಕ್ಕಸಾಲಿಗರಲ್ಲಿ ಅನೇಕರು ಆ ಗೋಜಿಗೇ ಹೋಗದೆ, ತಮ್ಮ ಹೆಸರಿನ ಅಕ್ಷರಗಳ ಪಕ್ಕ ‘ಸ್ಟರ್ಲಿಂಗ್’ (ಅದೇ 925 ಪಾಲಿನ ಬೆಳ್ಳಿಯ ಹೆಸರು) ಎಂದು ತಾವೇ ಒತ್ತಿಕೊಂಡರು. ಸಿಂಹವೂ ಇಲ್ಲ, ಹಾರ್ಪೂ ಇಲ್ಲ. ಅಂಥ ಚಮಚ ಕಂಡರೆ ನಕಲಿಯೆಂದು ಪಕ್ಕಕ್ಕೆ ಸರಿಸಬೇಡಿ. ಸಂಗ್ರಾಹಕರು ಅದಕ್ಕಾಗಿ ಹರಾಜಿನಲ್ಲಿ ಪೈಪೋಟಿ ನಡೆಸುತ್ತಾರೆ.