ಒಂದು ಖುಷಿ, 150 ಬಗೆ

ಕೇಳುಗರಿಗೆ ನಮಸ್ಕಾರ. ಹಿಂದೆ ಹುಡುಗರಿಗೆ ಲ್ಯಾಟಿನ್ ಭಾಷೆ ಕಲಿಸುತ್ತಿದ್ದ ಲ್ಯಾಟಿನ್ ಶಾಲೆಗಳಿಂದ ಯುರೋಪಿನ ಸಾಹಿತ್ಯಕ್ಕೆ ಏನು ಸಿಕ್ಕಿತು? ಒಂದೇ ಮಾತಿನಲ್ಲಿ ಹೇಳಿಬಿಡ್ತೀನಿ. ಹೇಳಿದ್ದನ್ನೇ ಇನ್ನೊಂದು ಥರ ಹೇಳುವ ಚಟ ಸಿಕ್ಕಿತು.

1512ರಲ್ಲಿ ಎರಾಸ್ಮಸ್ ಎಂಬ ಡಚ್ ಪಂಡಿತನ ಪಠ್ಯಪುಸ್ತಕವೊಂದು ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅದರಲ್ಲಿ ಒಂದು ಸಾದಾ ವಾಕ್ಯ ಬರುತ್ತದೆ: ನಿನ್ನ ಕಾಗದ ನನಗೆ ತುಂಬ ಖುಷಿ ಕೊಟ್ಟಿತು. ಇದನ್ನೇ ಅವನು ಲ್ಯಾಟಿನ್ನಿನಲ್ಲಿ ಸುಮಾರು 150 ಥರ ಬರೆದು ತೋರಿಸುತ್ತಾನೆ. ನೂರೈವತ್ತು!

ಕನ್ನಡದಲ್ಲಿ ನೀವೇ ಒಮ್ಮೆ ನೋಡಿ. ನಿನ್ನ ಓಲೆ ಕಂಡು ಜೀವ ಹಗುರಾಯಿತು. ಕಾಗದ ಒಡೆದೆ, ಮನೆಯಲ್ಲಿ ಹಬ್ಬವಾಯಿತು. ನಿನ್ನ ಅಕ್ಷರ ನೋಡಿಯೇ ಹೊಟ್ಟೆ ತುಂಬಿತು. ಮೂರಾಯಿತು. ನಾನು ತರಗತಿಯಲ್ಲಿ ಈ ಆಟ ಆಡಿಸುತ್ತೇನೆ. ಏಳನೆಯದಕ್ಕೆ ಎಲ್ಲರೂ ಚಾವಣಿ ನೋಡತೊಡಗುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಸರ್, ಪೋಸ್ಟ್‌ಮ್ಯಾನ್‌ಗೆ ಎರಡು ಲೋಟ ಕಾಫಿ ಕೊಟ್ಟೆ' ಅಂದಳು. ಖುಷಿ ಅನ್ನುವ ಪದವೇ ಇಲ್ಲ, ಕಾಗದವೂ ಇಲ್ಲ. ಎರಾಸ್ಮಸ್ ಇದ್ದಿದ್ದರೆ 151ನೆಯದು ಅಂತ ಬರೆದುಕೊಳ್ಳುತ್ತಿದ್ದ, ಅಲ್ವಾ?

ಇದನ್ನು ಸುಮ್ನೆ ಗಿಳಿಪಾಠ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಗಿಳಿ ಹೇಳಿದ್ದನ್ನೇ ಹೇಳುತ್ತದೆ. ಆ ಲ್ಯಾಟಿನ್ ಶಾಲೆಯ ಹುಡುಗರು ಹೇಳಿದ್ದನ್ನು ಇನ್ನೊಂದು ಥರ ಹೇಳಬೇಕಿತ್ತು, ದಿನಾ.

ಶೇಕ್ಸ್‌ಪಿಯರನ ಊರಿನಲ್ಲೂ ಇಂಥದ್ದೇ ಶಾಲೆ ಇತ್ತು. ಅವನಿಗೆ ಲ್ಯಾಟಿನ್ ಅಷ್ಟಕ್ಕಷ್ಟೆ ಅಂತ ಗೆಳೆಯ, ನಾಟಕಕಾರ ಬೆನ್ ಜಾನ್ಸನ್ ಚುಚ್ಚಿದ್ದಾನೆ, ಇರಲಿ. ಶೇಕ್ಸ್‌ಪಿಯರನ ನಾಟಕದಲ್ಲಿ ಮ್ಯಾಕ್‌ಬೆತ್ ಕೊಲೆ ಮಾಡಿ ಬಂದು ತನ್ನ ಕೈ ನೋಡಿಕೊಳ್ಳುತ್ತಾನೆ. ಈ ಕೈ ಕಡಲನ್ನೇ ಕೆಂಪು ಮಾಡೀತು ಅನ್ನುತ್ತಾನೆ. ಮೊದಲು ಲ್ಯಾಟಿನ್ನಿನಿಂದ ಬಂದ, ಬಾಯಿ ತುಂಬುವ ಪದಗಳಲ್ಲಿ. ಮರುಕ್ಷಣವೇ ಚಿಕ್ಕ ಚಿಕ್ಕ ಇಂಗ್ಲಿಷ್ ಪದಗಳಲ್ಲಿ: ಹಸಿರು ಕಡಲೆಲ್ಲ ಕೆಂಪು. ಒಂದೇ ಮಾತು, ಎರಡು ಸಲ. ಮೈ ಜುಂ ಅನ್ನುವುದು ಎರಡನೆಯದಕ್ಕೆ.

ಸಮಯ ಆಯ್ತು ಅಂತ ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ. ಫ್ರಾನ್ಸಿನ ಪ್ರಬಂಧಕಾರ ಮೊಂಟೇನನದು ಬೇಗ ಹೇಳುತ್ತೇನೆ. 1533ರಲ್ಲಿ ಹುಟ್ಟಿದ. ಮಗನ ಕಿವಿಗೆ ಲ್ಯಾಟಿನ್ ಬಿಟ್ಟು ಬೇರೆ ಬೀಳಬಾರದು ಅಂತ ಅಪ್ಪನ ಕಟ್ಟಪ್ಪಣೆ. ಅಮ್ಮ, ಆಳುಕಾಳು ಎಲ್ಲರೂ ಬಂದಷ್ಟು ಲ್ಯಾಟಿನ್ನಿನಲ್ಲೇ ಮಾತಾಡಬೇಕು. ಅವನು ದೊಡ್ಡವನಾಗಿ ಪ್ರಬಂಧಗಳನ್ನು ಬರೆದದ್ದು ಫ್ರೆಂಚಿನಲ್ಲಿ. 1580ರಲ್ಲಿ ಅಚ್ಚಾದ ಮೇಲೂ ಬಿಡಲಿಲ್ಲ. ಸಾಯುವವರೆಗೂ ತನ್ನದೇ ಪುಸ್ತಕದ ಅಂಚುಗಳಲ್ಲಿ ಸೇರಿಸುತ್ತಲೇ ಇದ್ದ. ನಮಸ್ಕಾರ.