ಬೆಲ್ಲದ ಕಾಫಿ ಕುಡಿಯುವ ಇನ್ನೊಂದು ದೇಶ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂವತ್ತು ವರ್ಷ ಕಾಫಿ ತೋಟ ಸುತ್ತಿದವನು ನಾನು. ಎಲೆ ತುಕ್ಕು ರೋಗ, ಕಾಂಡ ಕೊರಕ ಹುಳು, ಗೊಬ್ಬರ, ಕಸಿ ಕೆಲಸ, ಇದೇ ನನ್ನ ಮಾತು. ಹಿಂದೆ ರೇಡಿಯೊಗೆ ಬಂದಾಗಲೂ ಅದನ್ನೇ ಹೇಳಿದ್ದೆ. ಈ ಸಲ ಯಾವುದಾದರೂ ಪ್ರವಾಸದ ಬಗ್ಗೆ ಮಾತಾಡಿ ಅಂದರು. ದಕ್ಷಿಣ ಅಮೆರಿಕದ ಕೊಲಂಬಿಯಾ ಬಗ್ಗೆ ಹೇಳುತ್ತೇನೆ ಅಂದೆ. ಫೋನಿನ ಆ ಕಡೆಯಿಂದ ಮೊದಲು ಬಂದ ಮಾತು, "ಸರ್, ಅಲ್ಲಿಗೆ ಯಾಕೆ ಹೋದ್ರಿ? ಹೆದರಿಕೆ ಆಗಲಿಲ್ವಾ?"

2014ರಿಂದ ಈ ಪ್ರಶ್ನೆ ಕೇಳಿಸಿಕೊಳ್ಳುತ್ತಾ ಇದ್ದೇನೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಾಫಿ ಮಾರುವ ಕಡೆ, ಎಲ್ಲ ಕಡೆ ಇದೇ. ಹೊರಡುವಾಗ ನಮ್ಮ ಅಮ್ಮ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಯಾರೋ ಅವರ ಕಿವಿಗೆ ಹಾಕಿದ್ದರು, ಅದು ಕೊಕೇನ್ ದೇಶ, ಬೀದಿ ಬೀದಿಯಲ್ಲಿ ಬಂದೂಕು ಅಂತ. ಅದಕ್ಕೇ ಇವತ್ತು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಕೊಲಂಬಿಯಾ ಕಾಫಿ ಬೆಳೆಗಾರರ ದೇಶ. ಬೇರೆ ಏನು ಮರೆತರೂ ಇದೊಂದನ್ನು ನೆನಪಿಡಿ. ಕೊಲಂಬಿಯಾ ಕಾಫಿ ಬೆಳೆಗಾರರ ದೇಶ.

ಕೆಟ್ಟ ಕಾಲ ಇತ್ತು, ಯಾರೂ ಇಲ್ಲ ಅನ್ನುವುದಿಲ್ಲ. ಮೆಡೆಲಿನ್ ಅಂತ ಅಲ್ಲಿಯ ಎರಡನೇ ದೊಡ್ಡ ಊರು. 1991ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕೊಲೆ ನಡೆಯುವ ಊರು ಅಂತ ಅದಕ್ಕೆ ಹೆಸರು ಬಂದಿತ್ತು. ಕೊಕೇನ್ ದಂಧೆಯ ಪಾಬ್ಲೊ ಎಸ್ಕೊಬಾರ್ ಅನ್ನುವವನ ಹೆಸರು ನೀವೂ ಕೇಳಿರುತ್ತೀರಿ. ಅವನು ಸತ್ತದ್ದು 1993ರ ಡಿಸೆಂಬರಿನಲ್ಲಿ. ಆಗ ಹುಟ್ಟಿದ ಮಗುವಿಗೆ ಈಗ ಮೂವತ್ತು ದಾಟಿದೆ, ಅದಕ್ಕೂ ಮಕ್ಕಳಾಗಿರಬಹುದು. ನಾವು ಮಾತ್ರ ಇನ್ನೂ ಅವನ ಸೀರಿಯಲ್ ನೋಡಿಕೊಂಡು ಕೂತಿದ್ದೇವೆ. ಅಲ್ಲಿನ ಸರ್ಕಾರ ಮತ್ತು ಫಾರ್ಕ್ ಬಂಡುಕೋರರು 2016ರಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡರು. ಐವತ್ತು ವರ್ಷಕ್ಕೂ ಹಳೆಯ ಜಗಳ ಅದು. ಆಗಿನ ಅಧ್ಯಕ್ಷ ಹುವಾನ್ ಮಾನ್ವೆಲ್ ಸಾಂತೋಸ್ ಅವರಿಗೆ ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಈ ಸುದ್ದಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು ಹೇಳಿ?

ದೇಶ ಎಷ್ಟು ದೊಡ್ಡದು ಅಂದರೆ, ಹೆಚ್ಚೂಕಡಿಮೆ ಆರು ಕರ್ನಾಟಕ ಹಿಡಿಸುತ್ತದೆ. ಜನ ಮಾತ್ರ ನಮ್ಮ ರಾಜ್ಯಕ್ಕಿಂತ ಕಡಿಮೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಕೆರಿಬಿಯನ್ ಸಮುದ್ರ, ನಡುವೆ ಆಂಡಿಸ್ ಬೆಟ್ಟ ಮೂರು ಸಾಲಾಗಿ ಒಡೆದು ನಿಂತಿದೆ. ಈ ಬೆಟ್ಟದ ಮಗ್ಗುಲಲ್ಲೇ ಕಾಫಿ. ಐದು ಲಕ್ಷಕ್ಕೂ ಹೆಚ್ಚು ಕುಟುಂಬ ಕಾಫಿ ಬೆಳೆದು ಬದುಕುತ್ತವೆ. ನೂರಾರು ಎಕರೆ ಎಸ್ಟೇಟು ಅಂದುಕೊಳ್ಳಬೇಡಿ. ಹೆಚ್ಚಿನವರದ್ದು ಸಣ್ಣ ಹಿಡುವಳಿ, ಮನೆಯವರೇ ಕೊಯ್ದು, ಮನೆಯವರೇ ಒಣಗಿಸಿ, ಮೂಟೆ ಕಟ್ಟಿ ಜೀಪಿನಲ್ಲಿ ಪೇಟೆಗೆ ತರುತ್ತಾರೆ. ಮೂಡಿಗೆರೆ, ಸೋಮವಾರಪೇಟೆ, ಸಕಲೇಶಪುರದ ಕಡೆಯಿಂದ ಕೇಳುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಇದನ್ನು ಪೂರ್ತಿ ಹೇಳಲೇಬೇಕು.

ರಾಜಧಾನಿ ಬೊಗೊಟಾದಿಂದ ಕಾಫಿ ಸೀಮೆಯ ಆರ್ಮೇನಿಯಾ ಊರಿಗೆ ಹೊರಟಿದ್ದೆ. ಹೌದು, ಊರಿನ ಹೆಸರೇ ಆರ್ಮೇನಿಯಾ. ಏಳೆಂಟು ಗಂಟೆ ದಾರಿ. ನಡುವೆ ಲಾ ಲೀನಿಯಾ ಅಂತ ಒಂದು ಘಾಟಿ ಬರುತ್ತದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಅಲ್ವಾ? ಆ ರಸ್ತೆ 3,200 ಮೀಟರ್ ದಾಟಿ ಹತ್ತುತ್ತದೆ. ಪೆಸಿಫಿಕ್ ಬಂದರಿಗೆ ಹೋಗುವ ಲಾರಿಗಳೆಲ್ಲ ಅದೇ ದಾರಿ. ಅದು ನವೆಂಬರ್, ಅಲ್ಲಿಗೆ ಜೋರು ಮಳೆಗಾಲ. ಕಹಮಾರ್ಕಾ ಅನ್ನುವ ಊರು ದಾಟಿ ಒಂದಷ್ಟು ತಿರುವು ಹತ್ತಿದ್ದೆವು. ಬಸ್ಸು ನಿಂತಿತು. ಮುಂದೆ ಗುಡ್ಡ ಕುಸಿದಿದೆ ಅಂದರು. ಶಿರಾಡಿಯಲ್ಲಿ, ಚಾರ್ಮಾಡಿಯಲ್ಲಿ ನಿಂತು ಅನುಭವ ಇರುವವರಿಗೆ ಆ ಹೊತ್ತಿನ ಹೊಟ್ಟೆಯ ಸಂಕಟ ಗೊತ್ತು. ಲಾರಿಗಳ ಸಾಲು, ಮಂಜು, ಡೀಸೆಲ್ ವಾಸನೆ. ಸಂಜೆ ಐದು ಗಂಟೆ. ಮೈಮೇಲೆ ನನಗಿದ್ದದ್ದು ಒಂದು ತೆಳು ಸ್ವೆಟರ್.

ಪಕ್ಕದ ಸೀಟಿನಲ್ಲಿ ಒಬ್ಬ ಕಾಲೇಜು ಹುಡುಗ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ನನಗೆ ಬರುತ್ತಿದ್ದ ಸ್ಪ್ಯಾನಿಷ್ ನೂರು ಪದ ದಾಟುತ್ತಿರಲಿಲ್ಲ. ಇಬ್ಬರೂ ಕೆಳಗಿಳಿದು ನಿಂತೆವು. ರಸ್ತೆ ಪಕ್ಕ, ಎರಡು ಮೆಟ್ಟಿಲು ಮೇಲೆ ಒಂದು ಮನೆ. ತಗಡಿನ ಮಾಡು, ನೀಲಿ ಬಾಗಿಲು, ಮುಂದೆ ಡಬ್ಬಿಗಳಲ್ಲಿ ಜೆರೇನಿಯಂ ಹೂವು. ಬಾಗಿಲಲ್ಲಿ ಒಬ್ಬರು ಅಜ್ಜಿ. ಎಪ್ಪತ್ತು ದಾಟಿರಬೇಕು. ನನ್ನನ್ನು ಒಂದು ಸಲ ನೋಡಿದರು, ನಡುಗುತ್ತಿದ್ದದ್ದು ಕಂಡಿರಬೇಕು. "ಸೀಗಾ, ಮಿಹೋ, ಸೀಗಾ" ಅಂದರು. ಬಾ ಮಗನೇ, ಒಳಗೆ ಬಾ ಅಂತ.

ಒಳಗೆ ಸೌದೆ ಒಲೆ. ಹೊಗೆ ಹಿಡಿದ ಗೋಡೆ. ಅಜ್ಜಿ ಮೂಲೆಯಿಂದ ಒಂದು ಉಣ್ಣೆ ಹೊದಿಕೆ ತಂದು ನನ್ನ ತಲೆಯ ಮೇಲಿಂದ ಇಳಿಸಿದರು. ನಡುವೆ ಸೀಳು ಬಿಟ್ಟ ದಪ್ಪ ಕಂಬಳಿ ಅದು, ರುವಾನಾ ಅಂತಾರೆ. ಮಳೆಗೆ ನೆಂದ ನಮ್ಮ ಕಂಬಳಿ ಕೊಪ್ಪೆಯದೇ ವಾಸನೆ! ಆಮೇಲೆ ಒಲೆಯ ಮೇಲೆ ನೀರಿಟ್ಟರು. ಡಬ್ಬಿ ತೆಗೆದು ಕಂದು ಬಣ್ಣದ ಒಂದು ಅಚ್ಚು ಹೊರಗೆ ತೆಗೆದರು. ಕಲ್ಲಿನಿಂದ ಕುಟ್ಟಿ ಒಂದು ಚೂರು ಮುರಿದು ನೀರಿಗೆ ಹಾಕಿದರು. ನಾನು ಎದ್ದು ಹತ್ತಿರ ಹೋದೆ. ಮೂಸಿ ನೋಡಿದೆ. ಬೆಲ್ಲ! ಕೇಳುಗರೇ, ನಿಜವಾದ ಕಬ್ಬಿನ ಬೆಲ್ಲ.

ಅವರ ಭಾಷೆಯಲ್ಲಿ ಅದಕ್ಕೆ ಪನೇಲಾ ಅಂತ ಹೆಸರು. ಕಬ್ಬು ಅರೆದು, ಕಬ್ಬಿನ ಹಾಲು ಕಾಯಿಸಿ, ಅಚ್ಚಿಗೆ ಹೊಯ್ಯುತ್ತಾರೆ. ಆ ಜಾಗಕ್ಕೆ ತ್ರಪೀಚೆ ಅಂತಾರೆ, ನಮ್ಮ ಆಲೆಮನೆಯೇ. ಬೆಲ್ಲ ತಯಾರಿಸುವುದರಲ್ಲಿ ಇಡೀ ಜಗತ್ತಿಗೆ ನಾವು ಮೊದಲು, ಅವರು ಎರಡನೆಯವರು. ಬೆಲ್ಲ ಕುದ್ದ ಮೇಲೆ ಅಜ್ಜಿ ಅದಕ್ಕೇ ಕಾಫಿ ಪುಡಿ ಹಾಕಿ, ಒಂದು ಕುದಿ ಬರಿಸಿ ಇಳಿಸಿ, ಬಟ್ಟೆಯ ಚೀಲದಲ್ಲಿ ಸೋಸಿದರು. ಹಾಲಿಲ್ಲ. ಬೆಲ್ಲದ ಕಾಫಿ! ಗದ್ದೆ ನಾಟಿ ದಿನ ನಮ್ಮ ಅಜ್ಜಿ ದೊಡ್ಡ ತಪ್ಪಲೆಯಲ್ಲಿ ಮಾಡುತ್ತಿದ್ದ ಕಾಫಿ. ಮನೆಯಿಂದ ಅರ್ಧ ಭೂಮಿ ದಾಟಿ ಬಂದಿದ್ದೇನೆ, ಲೋಟದಲ್ಲಿ ಅದೇ ಕಾಫಿ. ಜೊತೆಗೆ ಒಂದು ತುಂಡು ಬಿಳಿ ಚೀಸ್ ಕೊಟ್ಟರು. ಬಿಸಿ ಬೆಲ್ಲದ ನೀರಿಗೆ ಅದನ್ನು ಹಾಕಿ, ಎಳೆ ಎಳೆಯಾಗಿ ಕರಗಿದ ಮೇಲೆ ಚಮಚದಲ್ಲಿ ತೆಗೆದು ತಿನ್ನುವುದು ಅಲ್ಲಿಯ ಚಳಿ ಊರುಗಳ ಪದ್ಧತಿ. ತಿಂದು ನೋಡಿ, ಆಮೇಲೆ ಬಿಡಲಾರಿರಿ.

ಹುಡುಗ ನಡುವೆ ಕೂತು ಮಾತು ದಾಟಿಸುತ್ತಿದ್ದ. ನಮ್ಮಲ್ಲೂ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುತ್ತಿದ್ದರು ಅಂತ ಹೇಳಿದೆ. ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಅಷ್ಟು ದೂರದಲ್ಲೂ?" ಅಂದರು. ನಮ್ಮ ತೋಟದ ಫೋಟೊ ತೋರಿಸಿದೆ. ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಂಡು ಅವರಿಗೆ ಬಹಳ ಆಶ್ಚರ್ಯ. ಅವರ ತವರುಮನೆ ಕೆಳಗೆ ಕಾಫಿ ಸೀಮೆಯಲ್ಲಂತೆ. ಕಾಫಿ ಮೇಲೆ ಇಷ್ಟು ಮರ ಯಾಕೆ ಅಂತ ಕೇಳಿದರು. ಅರ್ಧ ಗಂಟೆ ನೆರಳಿನ ಬಗ್ಗೆಯೇ ಮಾತಾಡಿದೆವು.

ಆಮೇಲೆ ಅವರು ಕೇಳಿದ ಒಂದು ಮಾತು. "ನಿಮ್ಮ ಊರಿನಲ್ಲಿ ನಮ್ಮ ಬಗ್ಗೆ ಏನು ಹೇಳುತ್ತಾರೆ?"

ನನಗೆ ತಕ್ಷಣ ಮಾತು ಬರಲಿಲ್ಲ. ಅಮ್ಮನ ಮುಖ ನೆನಪಾಯಿತು. "ಒಳ್ಳೆ ಕಾಫಿ ಬೆಳೆಯುತ್ತೀರಿ ಅಂತಾರೆ" ಅಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. ಏನೂ ಅನ್ನಲಿಲ್ಲ. ಲೋಟಕ್ಕೆ ಇನ್ನಷ್ಟು ಕಾಫಿ ಹೊಯ್ದರು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ಇಲ್ಲಿ ಕೂತು ಸುಮ್ನೆ ಆಡುವ ಮಾತು ಅವರಿಗೆ ಮುಟ್ಟುತ್ತದೆ, ಕೇಳುಗರೇ. ಕೊಲಂಬಿಯಾ ಪಾಸ್‌ಪೋರ್ಟ್ ಹಿಡಿದು ಹೊರಗೆ ಹೋದರೆ ವಿಮಾನ ನಿಲ್ದಾಣದಲ್ಲಿ ಬ್ಯಾಗು ಎರಡು ಸಲ ತೆಗೆಸುತ್ತಾರೆ ಅಂತ ಆ ಹುಡುಗ ಹೇಳಿದ. ಇಪ್ಪತ್ತು ವರ್ಷದ ಹುಡುಗ. ಅವನು ಯಾವ ತಪ್ಪು ಮಾಡಿದ್ದಾನೆ?

ರಾತ್ರಿ ಹನ್ನೊಂದಕ್ಕೆ ದಾರಿ ಬಿಟ್ಟರು. ಅಷ್ಟು ಹೊತ್ತಿಗೆ ಆ ಅಡುಗೆ ಮನೆಯಲ್ಲಿ ಬಸ್ಸಿನ ಒಂಬತ್ತು ಜನ ಕೂತಿದ್ದೆವು. ದುಡ್ಡು ಕೊಡಲು ಹೋದೆ, ಕೈ ತಳ್ಳಿದರು. ಡಬ್ಬಿಯಿಂದ ಒಂದು ಹೊಸ ಬೆಲ್ಲದ ಅಚ್ಚು ತೆಗೆದು ಹಳೇ ಪೇಪರಿನಲ್ಲಿ ಸುತ್ತಿ, "ನಿನ್ನ ಅಮ್ಮನಿಗೆ" ಅಂತ ಕೊಟ್ಟರು.

ಈಗ ಆ ಘಾಟಿಗೆ ಸುರಂಗ ಆಗಿದೆ. 2020ರಲ್ಲಿ ತೆರೆದರು, ಎಂಟು ಕಿಲೋಮೀಟರಿಗೂ ಉದ್ದ.

ಗಡಿಯಾರ ನೋಡಿದರೆ ಸಮಯ ಓಡುತ್ತಿದೆ. ತೋಟದ ಬಗ್ಗೆ ಹೇಳದೆ ಹೋದರೆ ಬೆಳೆಗಾರರು ಬಿಡುವುದಿಲ್ಲ. ಆರ್ಮೇನಿಯಾ, ಮನಿಸಾಲೆಸ್ ಸುತ್ತಿನ ಬೆಟ್ಟಗಳಲ್ಲಿ ಕಾಫಿ ಹೆಚ್ಚಾಗಿ ಬಿಸಿಲಲ್ಲೇ ನಿಂತಿದೆ, ಇಳಿಜಾರು ಎಷ್ಟೆಂದರೆ ಕಾಲು ಊರುವುದೇ ಕಷ್ಟ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣು ಮಾತ್ರ ಆರಿಸಿ ಕೊಯ್ಯುತ್ತಾರೆ. ಬಹಳ ಕಡೆ ವರ್ಷಕ್ಕೆ ಎರಡು ಕೊಯ್ಲು. ಮಳೆ ಯಾವಾಗ ಬೇಕಾದರೂ ಬರುತ್ತದಲ್ಲ, ಕಾಫಿ ಒಣಗಿಸುವುದು ಹೇಗೆ? ಕೆಲವು ಹಳೇ ಮನೆಗಳಲ್ಲಿ ಅಟ್ಟದ ಮೇಲೆಯೇ ಕಣ. ಅದರ ಮೇಲಿನ ಮಾಡು ಹಳಿಯ ಮೇಲೆ ಕೂತಿರುತ್ತದೆ. ಬಿಸಿಲು ಬಂದರೆ ಇಡೀ ಮಾಡನ್ನು ಆಚೆ ತಳ್ಳುತ್ತಾರೆ, ಹನಿ ಬಿದ್ದರೆ ಎಳೆದು ಮುಚ್ಚುತ್ತಾರೆ. ಒಬ್ಬ ಹುಡುಗಿ ಒಂದೇ ಕೈಯಲ್ಲಿ ಅದನ್ನು ತಳ್ಳಿದ್ದು ನಾನೇ ನೋಡಿದೆ.

ಅವರ ಕಷ್ಟವೂ ನಮ್ಮದೇ. ಎಲೆ ತುಕ್ಕು ಅಲ್ಲಿಗೆ ಕಾಲಿಟ್ಟದ್ದು 1983ರಲ್ಲಿ. ಕಾಯಿ ಕೊರಕ ಹುಳು ಅವರಿಗೆ ಸಿಕ್ಕಿದ್ದು 1988ರಲ್ಲಿ, ನಮಗೆ 1990ರಲ್ಲಿ. ನಮಗೆ 1925ರಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಇದ್ದ ಹಾಗೆ ಅವರಿಗೆ ಚಿಂಚಿನಾದಲ್ಲಿ ಸೆನಿಕಫೆ ಅಂತ ಒಂದಿದೆ, 1938ರದ್ದು. ಕೊರಕದ ವಿಷಯ ಎತ್ತಿದರೆ ಸಾಕು, ಅಲ್ಲಿಯ ಬೆಳೆಗಾರ ಕುರ್ಚಿ ಎಳೆದು ಪಕ್ಕಕ್ಕೆ ಕೂರುತ್ತಾನೆ. ಮತ್ತೆ ಹೇಳುತ್ತೇನೆ, ಕಾಫಿ ಬೆಳೆಗಾರರ ದೇಶ ಅದು.

ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಸಲೆಂತೊ ಊರಿನಿಂದ ಜೀಪು ಹತ್ತಿ ಕೊಕೊರಾ ಕಣಿವೆಗೆ ಹೋಗಿ. ಅಲ್ಲಿಯ ಮೇಣದ ತಾಳೆ ಮರ ಅರುವತ್ತು ಮೀಟರ್ ತನಕ ಬೆಳೆಯುತ್ತದೆ. ನಮ್ಮ ಅಡಿಕೆ ಮರವನ್ನು ಎರಡು ಮೂರು ಸಲ ಒಂದರ ಮೇಲೊಂದು ಇಟ್ಟ ಹಾಗೆ. ಮೆಡೆಲಿನ್‌ಗೆ ಖಂಡಿತ ಹೋಗಿ. ಬೆಟ್ಟದ ಮೇಲಿನ ಬಡ ಬಡಾವಣೆಗಳಿಗೆ 2004ರಲ್ಲಿ ಕೇಬಲ್ ಕಾರ್ ಹಾಕಿದರು, ಕೆಲಸಕ್ಕೆ ಹೋಗುವ ಜನ ದಿನಾ ಅದರಲ್ಲೇ ಓಡಾಡುತ್ತಾರೆ. ಕೊಮುನಾ 13 ಅನ್ನುವ ಕಡೆ 2011ರಲ್ಲಿ ಬಯಲಲ್ಲೇ ಎಸ್ಕಲೇಟರ್ ಬಂತು. ಒಂದು ಕಾಲಕ್ಕೆ ಹೊರಗಿನವರು ಕಾಲಿಡಲು ಹೆದರುತ್ತಿದ್ದ ಬೀದಿ ಅದು. ನಾನು ಹೋದಾಗ ಒಬ್ಬ ತಾಯಿ ತರಕಾರಿ ಚೀಲ, ಮಗು ಎರಡನ್ನೂ ಎತ್ತಿಕೊಂಡು ಆರಾಮಾಗಿ ಮೇಲೆ ಹೋಗುತ್ತಿದ್ದರು. ಕಾರ್ತಹೇನಾದ ಕೋಟೆ ಊರು ಚೆಂದ, ಆದರೆ ಸೆಕೆ ಜಾಸ್ತಿ. ಬೊಗೊಟಾದಲ್ಲಿ ಚಿನ್ನದ ಮ್ಯೂಸಿಯಂ ಇದೆ, ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ಭಾನುವಾರ ದೊಡ್ಡ ರಸ್ತೆಗಳಲ್ಲಿ ಮಧ್ಯಾಹ್ನದ ತನಕ ಕಾರು ಬಿಡುವುದಿಲ್ಲ, ಊರಿಗೆ ಊರೇ ಸೈಕಲ್ ಹತ್ತಿ ಬರುತ್ತದೆ.

ಊಟದ ಚಿಂತೆ ಬೇಡ. ಅನ್ನ ಇದೆ, ಹುರುಳಿಕಾಯಿ ಬೀಜದ ಸಾರಿನಂಥದ್ದು ಇದೆ, ಬಾಳೆಕಾಯಿ ಎರಡು ಸಲ ಕರಿದ ಪತಕೋನ್ ಇದೆ, ಮರಗೆಣಸು ಇದೆ. ಅರೇಪಾ ಅಂತ ಮೆಕ್ಕೆಜೋಳದ ದಪ್ಪ ರೊಟ್ಟಿ ಎಲ್ಲಾ ಕಡೆ ಸಿಗುತ್ತದೆ. ಮಾಂಸ ತಿನ್ನದವರು "ಸಿನ್ ಕಾರ್ನೆ" ಅನ್ನಿ, ಮಾಂಸ ಬೇಡ ಅಂತ. ಬೀಜದ ಸಾರಿಗೆ ಹಂದಿ ಮಾಂಸ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ.

ಕಳ್ಳತನದ ಭಯವಾ? ಅಲ್ಲಿಯವರೇ ಒಂದು ಮಾತು ಹೇಳುತ್ತಾರೆ, ಪಪಾಯ ಕೊಡಬೇಡ ಅಂತ. ಸಂತೆಯಲ್ಲಿ ಫೋನ್ ಝಳಪಿಸಿಕೊಂಡು, ಬಂಗಾರ ಹಾಕಿಕೊಂಡು ನಡೆದರೆ ಅದು ಪಪಾಯ ಕೊಟ್ಟ ಹಾಗೆ. ಕೊಟ್ಟರೆ ಯಾರಾದರೂ ತಿನ್ನುತ್ತಾರೆ. ಮೆಜೆಸ್ಟಿಕ್‌ನಲ್ಲಿ ಇರುವಷ್ಟು ಎಚ್ಚರ ಇದ್ದರೆ ಸಾಕು. ನಲವತ್ತು ದಿನ ಸುತ್ತಿದೆ, ನನ್ನ ಒಂದು ಕರ್ಚೀಫೂ ಕಳೆಯಲಿಲ್ಲ.

ಮನೆಗೆ ಬಂದ ದಿನ ಅಮ್ಮ ಹಜಾರದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಬ್ಯಾಗಿನಿಂದ ಆ ಪೇಪರ್ ಪೊಟ್ಟಣ ತೆಗೆದು ಅವರ ಮುಂದೆ ಇಟ್ಟೆ. ಏನು, ಎಲ್ಲಿಯದು ಅಂತ ಹೇಳಲಿಲ್ಲ. ಅಮ್ಮ ಬಿಚ್ಚಿದರು. ಉಗುರಿನಿಂದ ಒಂದು ಚೂರು ಕೆರೆದು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಹಾಗೇ ಚಪ್ಪರಿಸಿದರು.

"ಚೆನ್ನಾಗಿದೆ ಕಣೋ" ಅಂದರು. "ಯಾರ ಆಲೆಮನೆದು?"